ಆ ಅನ್ನಿ

ಬೆರಳು ಎಳೆದರೆ ಸುಣ್ಣ.
ಹನ್ನೊಂದು ವರ್ಷ ಇದರ ಹೊಟ್ಟೆಯೊಳಗೆ ನಿಂತವಳು ನಾನು,
ಹೊರಮೈ ಮುಟ್ಟಿದ್ದು ಇವತ್ತೇ ಮೊದಲು ಅನ್ನಿಸುತ್ತೆ.
ಅಂಗೈ ತುಂಬ ಬಿಳಿ ಹಿಟ್ಟು,
ಸೀರೆಗೆ ಒರೆಸಿಕೊಂಡರೆ ಸೀರೆಗೂ.

"ಕೊಳೆಯಲ್ಲ ಚಂದ್ರಮತಿಯಮ್ಮ," ಅಂದ ಇನಾಸ ಮೇಸ್ತ್ರಿ,
"ಬಿಸಿಲು ತಿಂದು ಉಗುಳಿದ್ದು.
ಒಳಗೆ ಫೈಬರ್ ಗಟ್ಟಿ ಇದೆ. ಮೇಲಿನ ಚರ್ಮ ಸತ್ತಿದೆ."

ಶಿವಮೊಗ್ಗದ ಆಟೋ ಕಾಂಪ್ಲೆಕ್ಸು.
ಒಂದು ಕಡೆ ಲಾರಿ ಪಾಟಾ ಬಡಿಯುವ ಸದ್ದು,
ಇನ್ನೊಂದು ಕಡೆ ರೇಡಿಯೇಟರಿನ ಹೊಟ್ಟೆಯಿಂದ ಇಳಿಯುವ ಕೆಂಪು ನೀರು.
ನಡುವೆ ನಾಲ್ಕು ಇಟ್ಟಿಗೆ ಪೇರಿಕೆಯ ಮೇಲೆ ನನ್ನ ಟ್ರೇಲರು.
ಹರಾಜಿನಲ್ಲಿ ಕೂಗಿದವಳು ನಾನೊಬ್ಬಳೇ.
ಗುಜರಿಯವನೂ ಕೈ ಎತ್ತಲಿಲ್ಲ:
"ಕಬ್ಬಿಣವಾಗಿದ್ದರೆ ತೂಕಕ್ಕಾದರೂ ಬರುತ್ತಿತ್ತು."

ಕೂಲಿ ಕೊಡಲು ಗಂಟಿಲ್ಲ, ಉಜ್ಜುವವಳು ನಾನೇ.
ನೀರಿನ ಬಕೆಟ್ಟು, ಚೂರು ಸೋಪು,
ನಾನೂರರ ಕಾಗದ, ಆಮೇಲೆ ಆರುನೂರು, ಆಮೇಲೆ ಸಾವಿರ.
ಸುತ್ತಿ ಸುತ್ತಿ ಅಲ್ಲ, ಉದ್ದಕ್ಕೆ. ಮುಗಿದ ಮೇಲೆ ಅಡ್ಡಕ್ಕೆ.
ಕಾಗದ ಬದಲಾದ ಹಾಗೆ ಸದ್ದೂ ಬದಲಾಗುತ್ತೆ:
ಮೊದಲು ಗರಗಸ, ಆಮೇಲೆ ಕಾಯಿ ತುರಿಯುವುದು,
ಕೊನೆಗೆ ನಿದ್ದೆಯಲ್ಲಿ ಮಗು ಹಲ್ಲು ಕಡಿದಷ್ಟೇ.

ಬಾಗಿಲ ಪಕ್ಕದ ಬಿರುಕಿಗೆ ಬೇರೆ ಮದ್ದು.
"ಮುಚ್ಚಬೇಡಿ, ಮೊದಲು ಬಿಡಿಸಿ," ಅಂದ.
ಅಷ್ಟು ನನಗೆ ಹೇಳಿಕೊಡಬೇಕೆ?
ಹುಳುಕು ಪೂರ್ತಿ ಕೆರೆಯದೆ ಸಿಮೆಂಟು ತುಂಬಿದರೆ
ತಿಂಗಳೊಳಗೆ ದವಡೆ ಹಿಡಿದುಕೊಂಡು ಬರುತ್ತಾರೆ.
ಡಾಕ್ಟರು ಕೊರೆಯುವಾಗ ಪಕ್ಕದಲ್ಲಿ ನಿಂತು
ಗಾಜಿನ ತುಂಡಿನ ಮೇಲೆ ಪುಡಿಗೆ ಹನಿ ಕಲಸಿದವಳು,
ಹದ ತಪ್ಪಿದರೆ ನನಗೇ ಬೈಗುಳ.
ಈಗ ರೆಸಿನ್ನಿಗೆ ಹಾರ್ಡನರು:
ಬಿಸಿಲಿದ್ದರೆ ಹತ್ತು ಹನಿ, ಮೋಡವಿದ್ದರೆ ಹದಿನಾಲ್ಕು.
ಡಬ್ಬಿ ಕೈಯಲ್ಲೇ ಬೆಚ್ಚಗಾಗುತ್ತೆ.
ಬೆಚ್ಚಗಾದ ಮೇಲೆ ಯಾರಿಗೂ ಕಾಯುವುದಿಲ್ಲ.

ಜನವರಿಯ ಇಬ್ಬನಿ ಒಂಬತ್ತಾದರೂ ಆರುವುದಿಲ್ಲ.
ಅವಸರಪಟ್ಟು ತೇವದ ಮೇಲೆ ಹಚ್ಚಿದ್ದು
ಹಲಸಿನ ಮೇಣದಂತೆ ಅಂಟಂಟಾಗಿಯೇ ಉಳಿದು
ಎರಡು ದಿನದ ಕೆಲಸ ಕೆರೆದು ತೆಗೆದೆವು.
ರಾತ್ರಿ ಮೊಣಕೈವರೆಗೂ ತುರಿಕೆ, ಗಾಜಿನ ನವಿರು.
ತಣ್ಣೀರಲ್ಲೇ ತೊಳೆಯಬೇಕಂತೆ.

ಎಡಗೋಡೆಯ ಪಾಚಿ ತೊಳೆದಾಗ ಅಕ್ಷರ ಎದ್ದವು.
ಸ್ಟಿಕರು ಉದುರಿ ಯಾವ ಕಾಲವಾಯಿತೋ,
ಅದು ಮುಚ್ಚಿದ್ದಷ್ಟು ಜಾಗ ಬಿಸಿಲು ಕಾಣದೆ
ಮೊದಲಿನ ನೀಲಿಯಾಗಿಯೇ ಇದೆ:
ಸಂಚಾರಿ ದಂತ.
ಮುಂದಿನದು ಮರದ ಕೊಂಬೆ ಉಜ್ಜಿ ಹೋಗಿದೆ.

ನಗರ, ಯಡೂರು, ಮಾಸ್ತಿಕಟ್ಟೆ.
ಹುಲಿಕಲ್ಲಿನ ತಿರುವಿಗೆ ಟ್ರೇ ಜಾರಿ ಇಕ್ಕಳವೆಲ್ಲ ನೆಲಕ್ಕೆ.
ಕವಳದ ಕೆಂಪು ಕಟ್ಟಿದ ಬಾಯಿಯ ಒಬ್ಬ ಅಜ್ಜಿ
ಕಿತ್ತ ಹಲ್ಲನ್ನು ಸುತ್ತಿ ಕೊಡು ಅಂದಳು:
"ನಂದಲ್ವಾ? ನಾನೇ ಒಯ್ತೀನಿ."
ಡಾಕ್ಟರು ನಕ್ಕರು.
ನಾನು ಕ್ಯಾಲೆಂಡರಿನ ಹಾಳೆ ಹರಿದು ಸುತ್ತಿ ಕೊಟ್ಟೆ.

"ಇನ್ನೆರಡು ಕೈ ಉಜ್ಜಿದರೆ ಹೋಗುತ್ತೆ," ಅಂದ ಇನಾಸ.
ಉಜ್ಜಿದೆ. ನಿಜಕ್ಕೂ ಉಜ್ಜಿದೆ.
ಮುಂದಿನ ತಿಂಗಳಿಂದ ಇದು ಹೊಲಿಗೆ ಗಾಡಿ,
ಹಳೆ ಬೋರ್ಡು ಯಾಕೆ?
ನೇರಕ್ಕೆ ನಿಂತು ನೋಡಿದರೆ ಏನೂ ಇಲ್ಲ.
ಸಂಜೆ ಐದರ ಓರೆ ಬೆಳಕಿಗೆ ಮಾತ್ರ
ದಂತದ ಸೊನ್ನೆ ಒಂದು ಕಾಣುತ್ತೆ.
ಅವನಿಗೆ ಹೇಳಲಿಲ್ಲ.

ಆಮೇಲೆ ಕಾಂಪೌಂಡು, ಮೇಣ, ಹಳೆ ಬನಿಯನ್ನಿನ ತುಂಡು,
ರಟ್ಟೆಯಲ್ಲಿ ಇಷ್ಟು ದಿನ ಎಲ್ಲೋ ಅಡಗಿದ್ದ ನೋವು.
ಎದುರಿನ ವೆಲ್ಡಿಂಗಿನ ಕಿಡಿ
ನನ್ನ ಗೋಡೆಯೊಳಗೂ ಉದುರತೊಡಗಿತು.

ಶಾಲೆಯಿಂದ ಚೀಲ ಸಮೇತ ಬಂದ ವೆಲ್ಡರನ ಮಗ ಅಫ್ನಾನ
ಹೊಳೆವ ಮೈಗೆ ಮೂಗು ತಾಗಿಸಿ ಹಲ್ಲು ಕಿಸಿದ.
ಬಟ್ಟೆ ಕೆಳಗಿಡಲೂ ಮರೆತು ಬಗ್ಗಿದೆ.
"ಆ ಅನ್ನು."
ಅವನು ನನಗಲ್ಲ, ಟ್ರೇಲರಿಗೆ ಆ ಅಂದ.

ಎಡಕ್ಕೆ, ಕೆಳಗೆ,
ಹಿಂದಿನಿಂದ ಎರಡನೆಯದು.